ಲಾಭ, ಎರಡು, ಮೂರು

೧೯೪೮. ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವಾರಗಳಾಗಿದ್ದವು. ಗಲಾಟೆ ಶುರುವಾದಾಗ ನಮ್ಮ ಯಜಮಾನರು ನನ್ನನ್ನೂ ಐದು ವರ್ಷದ ಮಗಳು ಕಸ್ತೂರಿಯನ್ನೂ ಕಮಲಾಪುರದಲ್ಲಿ ಅತ್ತೆಯ ಬಳಿ ಬಿಟ್ಟು, ತಾವು ಕಲಬುರಗಿಯಲ್ಲಿ ಕೆಲಸದ ಮೇಲೆ ಉಳಿದಿದ್ದರು.

ಹೈದರಾಬಾದಿನಲ್ಲಿ ಬಿ.ಎ. ಓದಿದ ನಾನು, ಕಲಬುರಗಿಯ ಬಾಲವರ್ಗಕ್ಕೆಂದು ಮಗಳನ್ನು ಮನೆಯಲ್ಲೇ ತಯಾರು ಮಾಡುತ್ತಿದ್ದೆ. ಪಾಟಿಯ ಮೇಲೆ ಅಕ್ಷರ, ಹುಣಸೆ ಬೀಜದಲ್ಲಿ ಎಣಿಕೆ. ಎಣಿಕೆಯನ್ನು ಅತ್ತೆ ಕೆಡಿಸಿದ್ದರು. ಜೋಳ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅನ್ನುವುದು ರೂಢಿ. ಮಗಳೂ ಹಾಗೇ ಎಣಿಸುತ್ತಿದ್ದಳು.

“ಸಾಲ್ಯಾಗ ನಗ್ತಾರ್ರಿ ಅತ್ತಿ.”

“ನಗಲಿ ಬಿಡು. ನಕ್ಕವ್ರೂ ಜ್ವಾಳದ ರೊಟ್ಟಿನೇ ತಿಂತಾರ.”

ಆ ದಿನಗಳಲ್ಲಿ ಇನ್ನೊಂದು ಪಾಠವನ್ನೂ ಕಲಿಸಿದ್ದೆ. ಬಾಗಿಲು ಜೋರಾಗಿ ಬಡಿದರೆ ಅಡಗಬೇಕು. ನಾನು ಕರೆದರೂ ಬರಬಾರದು. ಯಾರಾದರೂ ನನ್ನನ್ನು ಹೆದರಿಸಿ ಕರೆಸಬಹುದು. ಆಯಿ, ಅಂದರೆ ಅವಳ ಅಜ್ಜಿ, ಜೋಳ ಅಳೆಯುವಂತೆ ಎಣಿಸಿದರೆ ಮಾತ್ರ ಹೊರಗೆ ಬರಬೇಕು.

ಎಲ್ಲ ಶಾಂತವಾಗಿ, ಶಾಲೆಗೆ ಸೇರಿಸಲು ಕಲಬುರಗಿಗೆ ಹೊರಡುವ ಬೆಳಿಗ್ಗೆ ಬಂಡಿಯವನು ಬಂದು ಬಾಗಿಲು ದಬದಬ ಬಡಿದ. ಗಂಟುಗಳನ್ನು ಏರಿಸಿ ತಿರುಗಿದರೆ ಕಸ್ತೂರಿ ಇಲ್ಲ. ಮನೆ, ಕೊಟ್ಟಿಗೆ, ಹಿತ್ತಲು, ಓಣಿ ಎಲ್ಲ ಹುಡುಕಿದೆ. ಹೆಸರು ಹಿಡಿದು ಕೂಗಿ ಕೂಗಿ ಕರೆದೆ. ಹಿತ್ತಲ ಬಾವಿಯ ಕಡೆ ಯಾರೂ ಬೆರಳು ತೋರಿಸಲಿಲ್ಲ, ಆದರೆ ಎಲ್ಲರೂ ಅತ್ತಲೇ ನೋಡಿದರು. ಪಕ್ಕದ ಮನೆಯ ಕಾಸೀಮ್ ಚಾಚಾ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಇಳಿಬಿಟ್ಟರು. ಕೊಕ್ಕೆಗೆ ಕೆಂಪು ಬಟ್ಟೆ ಸಿಕ್ಕಿ ಬಂತು. ಅದು ಕಸ್ತೂರಿಯದೇ ಎಂದುಕೊಂಡೆ. ಯಾವುದೋ ಹಳೆಯ ಸೀರೆಯ ಚೂರು ಎಂದರು ನೆರೆದವರು. ಆದರೆ ಬಟ್ಟೆಯೇ ಬರಲಿಲ್ಲ ಎಂದು ಚಾಚಾ ಇಂದಿಗೂ ಹೇಳುತ್ತಾರೆ. ನನ್ನ ಕಣ್ಣಿಗೆ ಮಾತ್ರ ಅದು ಈಗಲೂ ನೀರು ಸೋರುತ್ತ ಮೇಲೇರುತ್ತದೆ.

ಅಷ್ಟರಲ್ಲಿ ಗುಡಿಗೆ ಹೋಗಿದ್ದ ಅತ್ತೆ ಬಂದರು. “ಬಾಗಿಲಾ ಯಾರರ ಬಡದಿದ್ರೇನು?” ಎಂದು ಕೇಳಿದರು.

“ಬಂಡಿಯಾಂವ ಬಡದಾನ್ರಿ.”

ಗಾಬರಿಯಲ್ಲಿ ನಾನೇ ಮರೆತಿದ್ದ ಗುರುತು ಅತ್ತೆಗೆ ನೆನಪಿತ್ತು; ನೆಟ್ಟಗೆ ಒಳಗೆ ಹೋದರು. ಸೇರನ್ನು ನೆಲಕ್ಕೆ ಕುಟ್ಟಿ, “ಲಾಭ…” ಎಂದರು.

“ಎರಡು” ಎಂದಿತು ಮೂಲೆಯ ಕೌದಿಗಳ ರಾಶಿ.

ಬೆವೆತು ಹೊರಬಂದವಳನ್ನು ಅವುಚಿಕೊಂಡು, “ಇಷ್ಟ ಕೂಗಿದ್ರೂ ಕೇಳಲಿಲ್ಲೇನ?” ಎಂದೆ.

“ಕೇಳ್ತು. ನೀ ಅಳಾಕತ್ತಿದ್ದೂ ಕೇಳ್ತು. ನೀ ಕರದ್ರೂ ಬರಬ್ಯಾಡ ಅಂದಿದ್ದೆಲ್ಲವ್ವಾ?”

ಮಾರನೆಯ ದಿನ ಶಾಲೆಯಲ್ಲಿ ಶಿಕ್ಷಕಿ ಎಣಿಸಲು ಹೇಳಿದಾಗ ಅವಳು ‘ಲಾಭ’ ಎಂದೇ ಶುರು ಮಾಡಿದಳು. ಶಿಕ್ಷಕಿ ನಕ್ಕರು. ನಾನು ತಿದ್ದಲಿಲ್ಲ.

ಆಮೇಲೆ ಅವಳಿಗೆ ಬಹಳಷ್ಟು ಕಲಿಸಿದ್ದೇನೆ. ಆದರೆ ಕರೆದರೂ ಬರಬಾರದೆಂಬ ಆ ಒಂದು ಪಾಠದಷ್ಟು ಚೆನ್ನಾಗಿ ಅವಳು ನನ್ನಿಂದ ಬೇರೇನನ್ನೂ ಕಲಿಯಲಿಲ್ಲ.