ಎರಡೂವರೆ ಮತ್ತು ಇಪ್ಪತ್ತೈದರ ನಡುವೆ

ನನ್ನ ಅಕ್ಕ ಪುಣೆಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ನರ್ಸ್ ಆಗಿದ್ದಳು. ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಗುಮಾಸ್ತಿಕೆ ಹಿಡಿದು ಇಲ್ಲಿಗೆ ಬಂದವರು, ನಾವಿಬ್ಬರೂ ಇಲ್ಲಿಯೇ ಬೆಳೆದವರು. ನಾನು ಶಿವಾಜಿನಗರದಲ್ಲಿ ಕೋರ್ಟಿನ ಎದುರಿಗೆ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಮನೆಯಲ್ಲಿ ಅಕ್ಕನೇ ಗಟ್ಟಿಗಿತ್ತಿ. ಅಪ್ಪ ತೀರಿಕೊಂಡ ದಿನ ಬಂದವರಿಗೆಲ್ಲ ಚಹಾ ಮಾಡಿಕೊಟ್ಟವಳು ಅವಳು. ಅಂಥವಳು ಒಂದು ಸಂಜೆ ಕೆಲಸದಿಂದ ಬಂದು, ಚಪ್ಪಲಿ ಕೂಡ ಕಳಚದೆ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ನನ್ನ ಕೈಯಿಂದ ಒಬ್ರ ಜೀವ ಹೋಗ್ತದೇನೋ," ಅಂದಳು.

ನೀರು ಕೊಟ್ಟು ಪಕ್ಕದಲ್ಲಿ ಕೂತ ಮೇಲೆ ಹೇಳಿದಳು. ರೋಗಿ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ ಮನುಷ್ಯ. ಹೊಟ್ಟೆಯ ಆಪರೇಷನ್ ಆಗಿತ್ತು. ನೋವು ತಿಳಿಯದಂತೆ ಮಾಡುವ ಔಷಧವನ್ನು ಸಿರಿಂಜ್ ಪಂಪ್ ಅನ್ನುವ ಯಂತ್ರ ಸಣ್ಣಗೆ ಮೈಗೆ ಇಳಿಸುತ್ತಿತ್ತು, ಗಂಟೆಗೆ ಎರಡೂವರೆ ಮಿಲಿಲೀಟರಿನ ಲೆಕ್ಕದಲ್ಲಿ. ಮಧ್ಯಾಹ್ನ ಆ ಪಂಪ್ ಕೆಟ್ಟು ನಿಂತಿತು. ಪಕ್ಕದ ವಾರ್ಡಿನಿಂದ ಬೇರೆ ಕಂಪನಿಯದೊಂದನ್ನು ತಂದರು. ಹಳೆಯದರಲ್ಲಿ ಎರಡು, ಐದು ಒತ್ತಿದರೆ ನಡುವಿನ ಚುಕ್ಕೆ ತಾನಾಗಿಯೇ ಬೀಳುತ್ತಿತ್ತು. ಇದರಲ್ಲಿ ಚುಕ್ಕೆಗೆ ಬೇರೆ ಗುಂಡಿ. ಅಕ್ಕನ ಬೆರಳು ರೂಢಿಯಂತೆ ಎರಡು, ಐದು ಒತ್ತಿತು. ಪರದೆಯ ಮೇಲೆ ಇಪ್ಪತ್ತೈದು ಮೂಡಿತು. ಅದೇ ಹೊತ್ತಿಗೆ ಪಕ್ಕದ ಹಾಸಿಗೆಯ ಅಲಾರಂ ಬಡಿದುಕೊಂಡಿತು. ಅಕ್ಕ ಪಂಪ್ ಶುರು ಮಾಡಿ ಆ ಕಡೆ ಓಡಿದಳು. ಯಂತ್ರ ಏನೂ ಕೇಳಲಿಲ್ಲ, ಹತ್ತು ಪಟ್ಟು ಔಷಧ ಇಳಿಸತೊಡಗಿತು. ಅವಳು ತಿರುಗಿ ಬರುವಷ್ಟರಲ್ಲಿ ಆ ಮನುಷ್ಯನ ಉಸಿರು ನಿಲ್ಲುವ ಹಂತಕ್ಕೆ ಬಂದಿತ್ತು.

ವೆಂಟಿಲೇಟರಿನ ಮೇಲೆ ಕೆಲವು ದಿನ ಇದ್ದು ಅವನು ತೀರಿಕೊಂಡ.

ಆಸ್ಪತ್ರೆಯವರು ವಿಚಾರಣೆ ನಡೆಸಿ "ಸಿಬ್ಬಂದಿಯ ತಪ್ಪು" ಎಂದು ಮುಗಿಸಿದರು. ಅಕ್ಕನನ್ನು ಕೆಲಸದಿಂದ ತೆಗೆದರು. ಸತ್ತವನ ಮನೆಯವರೊಂದಿಗೆ ಮಾತಾಡಬಾರದೆಂದು ತಾಕೀತು ಮಾಡಿದರು. ಆ ಮನೆಯವರಿಗೆ ತಿಳಿದಿದ್ದು, ಆಪರೇಷನ್ ಆದ ಮೇಲೆ ದೇಹ ತಡೆದುಕೊಳ್ಳಲಿಲ್ಲ ಅನ್ನುವುದಷ್ಟೇ. ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಒಂದು ಬೆಳಿಗ್ಗೆ ಸೀರೆ ಉಟ್ಟು ನಿಂತು, "ನಡಿ, ದೌಂಡಕ್ಕ ಹೋಗೂಣು. ಅವನ ಹೆಂಡ್ತಿಗೆ ಖರೇ ಹೇಳಲಾರ್ದ ನನಗ ಇರಾಕ ಆಗೂದಿಲ್ಲ," ಅಂದಳು. ವಕೀಲರ ಆಫೀಸಿನಲ್ಲಿ ಇಷ್ಟು ವರ್ಷ ಕೂತಿದ್ದ ನನಗೆ ಅದರಿಂದ ಅಕ್ಕನ ಮೇಲೆಯೇ ಕೇಸು ಬೀಳಬಹುದೆಂದು ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಟೆ.

ಸತ್ತವನ ಹೆಂಡತಿ ಪುಣೆಯ ಹತ್ತಿರದ ದೌಂಡ ಊರಿನಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇದ್ದಳು. ಅಕ್ಕ ಮರಾಠಿಯಲ್ಲಿ ನಡೆದದ್ದೆಲ್ಲವನ್ನೂ ಹೇಳಿದಳು. ಆ ಹೆಂಗಸು ಗೋಡೆಗೆ ಒರಗಿ ನಿಂತೇ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಕೊನೆಗೆ, "ಆ ಮಶೀನು ಈಗ ಎಲ್ಲಿದೆ?" ಎಂದು ಕೇಳಿದಳು.

"ಅಲ್ಲೇ ಇದೆ. ಬೇರೆಯವರಿಗೆ ಹಚ್ಚಿರ್ತಾರೆ."

"ಹಾಗಾದರೆ ನಿನ್ನನ್ನು ತೆಗೆದು ಏನು ಮಾಡಿದರು?" ಅಂದವಳೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ರೈಲಿನಲ್ಲಿ ವಾಪಸು ಬರುವಾಗ ಅಕ್ಕ ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳನ್ನೇ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೋ ನನಗೆ ತಿಳಿಯಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅಕ್ಕನ ಜೊತೆಗೆ ಓದಿದ್ದ ಒಬ್ಬ ನರ್ಸ್ ಫೋನು ಮಾಡಿದಳು. ಆಸ್ಪತ್ರೆಯ ಯಂತ್ರಗಳ ಪರದೆ, ಗುಂಡಿಗಳನ್ನು ರೂಪಿಸುವ ಒಂದು ಕಂಪನಿ ಇಲ್ಲಿದೆಯಂತೆ, ಬಳಸಿ ನೋಡಲು ನರ್ಸುಗಳನ್ನು ಕರೆಯುತ್ತಿದ್ದಾರಂತೆ. ಅಕ್ಕ ಒಪ್ಪಿದಳು. ಒಬ್ಬಳೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದುಕೊಂಡು ಹೋದಳು.

ಅಲ್ಲಿ ಒಂದು ಕೋಣೆಯನ್ನು ವಾರ್ಡಿನಂತೆಯೇ ಮಾಡಿದ್ದರು. ಹಾಸಿಗೆಯ ಮೇಲೆ ಗೊಂಬೆ, ಸುತ್ತ ಬಡಿದುಕೊಳ್ಳುವ ಅಲಾರಂಗಳು, ನಡುನಡುವೆ ರಿಂಗಾಗುವ ಫೋನು. ಅದನ್ನು ನೋಡಿಕೊಳ್ಳುತ್ತಿದ್ದವಳು ಬೆಂಗಳೂರಿನ ಹುಡುಗಿ. ಅಕ್ಕ ಮೊದಲೇ ತನ್ನ ಕಥೆಯನ್ನೆಲ್ಲ ಹೇಳಿ, "ಇಷ್ಟ ಕೇಳಿದ ಮ್ಯಾಲೂ ನಾ ಬೇಕಂದ್ರ ಇರ್ತೀನ್ರಿ," ಅಂದಳು.

"ಇರಿ ಮೇಡಂ. ಇಲ್ಲಿ ಟೆಸ್ಟ್ ನಿಮಗಲ್ಲ, ಮಷಿನ್‌ಗೆ," ಅಂದಳು ಆ ಹುಡುಗಿ.

ಆ ಕೋಣೆಯ ಗಾಜಿನ ಗೋಡೆಯ ಈಚೆಗೆ ನಮ್ಮನ್ನು ಕೂರಿಸಿದರು. ಒಳಗೆ ಇನ್ನೊಂದು ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರಿದ್ದರು. ಮೊದಲು ಒಂದು ಪಂಪು, ಆಮೇಲೆ ಅದನ್ನು ತೆಗೆದು ಬೇರೆ ಕಂಪನಿಯದು ಕೊಟ್ಟು ಎರಡೂವರೆಗೆ ಇಡಲು ಹೇಳಿದರು. ಫೋನು ರಿಂಗಾಯಿತು. ಅವರು ಎರಡು, ಐದು ಒತ್ತಿ, ಶುರು ಮಾಡಿ, ಫೋನಿನ ಕಡೆ ತಿರುಗಿದರು. ಪರದೆಯ ಮೇಲೆ ಇಪ್ಪತ್ತೈದು.

ಅಕ್ಕ ಎದ್ದು ಗಾಜನ್ನು ಎರಡೂ ಕೈಯಿಂದ ಬಡಿದಳು. "ಬಂದ್ ಮಾಡ್ರಿ! ಬಂದ್ ಮಾಡ್ರಿ!" ಸಿರಿಂಜಿನಲ್ಲಿದ್ದದ್ದು ಬರೀ ನೀರು. ಆದರೂ ಅವಳನ್ನು ಹಿಡಿದು ಕೂರಿಸಲು ನನಗೆ ಆಗಲಿಲ್ಲ. ಆ ಘಟನೆಯಾದ ಮೇಲೆ ಅಕ್ಕ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಅಂದು.

ಮುಂದಿನ ಸಲ ಹೋದಾಗ ಕಂಪನಿಯವರ ಹೊಸ ಪಂಪು ಸಿದ್ಧವಾಗಿತ್ತು. ಔಷಧ ಹೆಚ್ಚಾದರೆ ಅದು ಸದ್ದು ಮಾಡಿ, ಕೆಂಪು ಅಕ್ಷರದಲ್ಲಿ "ಇಷ್ಟು ಕೊಡಬೇಕೆ?" ಎಂದು ಕೇಳುತ್ತಿತ್ತು. ಪ್ರಯೋಗಕ್ಕೆ ಒಳಗೆ ಹೋದವಳು ಅಕ್ಕನೇ. ಗದ್ದಲದ ನಡುವೆ ಪಂಪು ಕೂಗಿತು, ಅಕ್ಕ ಹೌದು ಎಂಬ ಗುಂಡಿ ಒತ್ತಿದಳು. ಆಮೇಲೆ ತಾನೇ ಪರದೆಯ ಮೇಲೆ ಮತ್ತೆ ಇಪ್ಪತ್ತೈದನ್ನು ನೋಡಿ ಬಿಳಿಚಿಕೊಂಡಳು.

"ನಾ ಓದಲೇ ಇಲ್ಲ," ಅಂದಳು ಹೊರಗೆ ಬಂದು. "ದಿನಾ ಪೂರ್ತಿ ಯಾವ್ದರೆ ಒಂದು ಕೂಗ್ತಿರ್ತದ. ಕೈ ತಾನ ಹೂಂ ಅಂದಬಿಡ್ತದ. ನನಗಽ ಹಿಂಗಾದ್ರ..."

ಆ ಹುಡುಗಿ ಪಂಪನ್ನು ಆರಿಸಿದಳು. ಅವಳ ತಂಡದ ವರ್ಷದ ದುಡಿಮೆ ಅದು. "ಹಾಗಾದ್ರೆ ಮಷಿನ್ ಬರೀ ಕೇಳಿದ್ರೆ ಸಾಲಲ್ಲ," ಅಂದಳು.

ಹಲವು ಸಲ ಬದಲಿಸಿದರು, ಪ್ರತಿ ಸಲವೂ ನರ್ಸುಗಳನ್ನು ಕರೆಸಿ ನೋಡಿದರು. ಕಡೆಗೆ ಬಂದ ಪಂಪಿನಲ್ಲಿ ಚುಕ್ಕೆಯ ನಂತರದ ಅಂಕಿ ಚಿಕ್ಕದು, ಅದರ ಬಣ್ಣವೇ ಬೇರೆ. ಔಷಧದ ಹೆಸರನ್ನು ಮೊದಲು ಆರಿಸಬೇಕು. ಆ ಔಷಧದ ಮಿತಿ ದಾಟಿದರೆ ಹೌದು ಎಂಬ ಗುಂಡಿಯೇ ಬರುವುದಿಲ್ಲ, ಪಂಪು ಶುರುವಾಗುವುದೇ ಇಲ್ಲ. ಇದರಿಂದ ತಪ್ಪುಗಳೆಲ್ಲ ನಿಂತುಹೋಗುತ್ತವೆಂದು ಯಾರೂ ಹೇಳಲಿಲ್ಲ. ಈ ಒಂದು ತಪ್ಪಿಗೆ ದಾರಿ ಮುಚ್ಚಿತು, ಅಷ್ಟೇ.

ಹಳೆಯ ಆಸ್ಪತ್ರೆಗೆ ನಮ್ಮ ವಕೀಲರು ಪತ್ರದ ಮೇಲೆ ಪತ್ರ ಬರೆದರು. ಒಂದು ವಾರ್ಡಿನಲ್ಲಿ ಒಂದೇ ಬಗೆಯ ಪಂಪು ಇಡಲು ಅವರು ಒಪ್ಪಿದರು. ವಿಚಾರಣೆಯಲ್ಲಿ ಬರೆದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕ ದೌಂಡಕ್ಕೆ ಹೋಗಿ ಇಷ್ಟನ್ನು ಹೇಳಿಬಂದಳು. ಆ ಹೆಂಗಸು ಈ ಸಲ ಒಳಗೆ ಕರೆದು ಕೂರಿಸಿದಳಂತೆ.

ಈಗ ಅಕ್ಕ ಬೇರೊಂದು ಆಸ್ಪತ್ರೆಯಲ್ಲಿದ್ದಾಳೆ. ಮೊದಲ ದಿನ ನಾನೇ ಬಿಟ್ಟುಬರಲು ಹೋಗಿದ್ದೆ. ಗೇಟಿನ ಹತ್ತಿರ ನಿಂತು, "ಅಂಜಿಕಿ ಆಗ್ತದೇನು?" ಎಂದು ಕೇಳಿದೆ.

"ಭಾಳ," ಅಂದಳು. ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.