ಡಿಫ್ರಾಗ್ ಆಗುವವರೆಗೆ

ಅಂಗಡಿಗೆ ಹೊಸ ಲ್ಯಾಪ್‌ಟಾಪ್ ಬಂದಿದೆ. ಗುಂಡಿ ಒತ್ತಿ ಕನ್ನಡಕ ಹುಡುಕುವಷ್ಟರಲ್ಲಿ ಎದ್ದು ಕೂತಿರುತ್ತದೆ. ಇಷ್ಟು ಚುರುಕಿನವರ ಜೊತೆ ಏಗಿ ನನಗೆ ಅಭ್ಯಾಸವಿಲ್ಲ ನೋಡಿ.

ಬೇಲೂರು ಬಸ್ ಸ್ಟ್ಯಾಂಡಿನ ಹಿಂದೆ ನಾನು ಈ ಡಿ.ಟಿ.ಪಿ. ಅಂಗಡಿ ತೆರೆದಾಗ ಇದ್ದ ಕಂಪ್ಯೂಟರಿನ ಸ್ವಭಾವವೇ ಬೇರೆ. ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಪಟಕ್ಕೆ ಹೂವಿಟ್ಟು ಬಂದರೂ ಇನ್ನೂ ಆಕಳಿಸುತ್ತಿರುತ್ತಿತ್ತು. ಡಿಸ್ಕಿನಲ್ಲಿ ಫೈಲುಗಳು ಚೂರುಚೂರಾಗಿ ಚದುರಿದರೆ ಹೀಗಾಗುತ್ತದೆ, ಡಿಫ್ರಾಗ್ ಮಾಡಿ ಒಂದೆಡೆ ಸೇರಿಸಬೇಕು ಎಂದು ಎಲ್ಲೋ ಓದಿದೆ. ಅದರಲ್ಲೂ ಸಿಸ್ಟಂ ಫೈಲುಗಳನ್ನು ಕಂಪ್ಯೂಟರ್ ಪೂರ್ತಿ ಏಳುವ ಮೊದಲೇ ಜೋಡಿಸಬೇಕಂತೆ. ಓದಿದ್ದನ್ನು ಪ್ರಯೋಗಿಸದೆ ಬಿಡುವ ಬುದ್ಧಿ ನನಗೆಂದೂ ಇಲ್ಲ. ನಾಳೆ ಶುರುವಾಗುವಾಗಲೇ ನಡೆಯಲಿ ಎಂದು ಗುರುತು ಹಾಕಿ ಮನೆಗೆ ಹೋದೆ.

ಮರುದಿನ ಬಾಗಿಲು ತೆಗೆಯುವ ಮೊದಲೇ ಹಗರೆಯ ರಂಗೇಗೌಡರು ಬಂದು ನಿಂತಿದ್ದರು. ಅವರ ಮಗಳ ಲಗ್ನಪತ್ರಿಕೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕಿತ್ತು.

“ಸುಖಾಗಮನ ಬಯಸುವವರಲ್ಲಿ ನಮ್ಮಣ್ಣನ ಹೆಸ್ರು ಮೊದ್ಲೈತಲ್ಲ, ತೆಗ್ದಾಕವ್ವ,” ಅಂದರು.

ಬದುವಿನ ಮೇಲಿನ ತೆಂಗಿನಮರಕ್ಕಾಗಿ ಹಿಂದಿನ ದಿನ ಅಣ್ಣತಮ್ಮಂದಿರು ಜಗಳವಾಡಿದ್ದರಂತೆ. ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಅಣ್ಣ ಮದುವೆಗೆ ಬರುವುದಿಲ್ಲ, ಆಮೇಲೆ ಈ ಮನೆಯ ಸಾವಿಗೂ ಬರುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಸಂಕಟವಾಯಿತು. ಆದರೆ ಹೇಳುವುದಕ್ಕೆ ನಾನ್ಯಾರು?

ಸ್ವಿಚ್ ಹಾಕಿದೆ. ನೀಲಿ ತೆರೆಯ ಮೇಲೆ ಶೇಕಡಾ ಮೂರು ಎಂದು ಬಂತು.

“ಏನ್ ಮಾಡ್ತಾ ಐತೆ ಇದು?”

“ಚದುರಿರೋದನ್ನ ಒಟ್ಟಿಗೆ ಜೋಡಿಸ್ತಿದೆ ಗೌಡ್ರೇ.”

“ಎದ್ ಮೇಲೆ ಮಾಡ್ಕೊಳ್ಳಕ್ಕಾಗಕಿಲ್ವಾ?”

“ಆಮೇಲೆ ಅವೆಲ್ಲ ಕೆಲಸದಲ್ಲಿರ್ತವೆ, ಅಲ್ಲಾಡೋದಿಲ್ಲ.”

“ನಮ್ಮನೆಯೋರಂಗೇ ಅನ್ನು,” ಎಂದು ಬೆಂಚಿನ ಮೇಲೆ ಕೂತರು.

ಎಸ್ಕೇಪ್ ಗುಂಡಿ ಒತ್ತಿದ್ದರೆ ಅದು ನಿಲ್ಲುತ್ತಿತ್ತು. ನಾನು ಒತ್ತಲಿಲ್ಲ, ಹೇಳಲೂ ಇಲ್ಲ. ಸಂಸಾರ ಉಳಿಸುವ ಘನ ಉದ್ದೇಶವೇನಲ್ಲ. ನನ್ನ ಕಂಪ್ಯೂಟರ್ ಚುರುಕಾಗಬೇಕಿತ್ತು, ಅಷ್ಟೇ.

ಶೇಕಡಾ ಇಪ್ಪತ್ತೈದರ ಹೊತ್ತಿಗೆ ಗೌಡರ ಬೈಗುಳವೆಲ್ಲ ಮುಗಿಯಿತು. ನಲವತ್ತಕ್ಕೆ ಟೀ ಬಂತು. ಅರವತ್ತಕ್ಕೆ, ಮಗಳು ಚಿಕ್ಕವಳಿದ್ದಾಗ ಜ್ವರ ನೆತ್ತಿಗೇರಿ, ಅದೇ ಅಣ್ಣ ಅವಳನ್ನು ಹೆಗಲಿಗೆ ಹಾಕಿಕೊಂಡು ಲಾರಿಯಲ್ಲಿ ಹಾಸನದವರೆಗೆ ನಿಂತೇ ಹೋದದ್ದು ಅವರಿಗೆ ನೆನಪಾಯಿತು. ಹೇಳುತ್ತಾ ಹೇಳುತ್ತಾ ಟವಲ್ಲಿನಿಂದ ಮುಖ ಒರೆಸಿಕೊಂಡರು. ನಾನು ತೆರೆಯನ್ನೇ ನೋಡುತ್ತಾ ಕೂತೆ.

ನೂರಾಯಿತು. ಪತ್ರಿಕೆ ತೆರೆದು, ಆ ಹೆಸರಿನ ಮೇಲೆ ಕರ್ಸರ್ ಇಟ್ಟು, ಅವರ ಮುಖ ನೋಡಿದೆ.

“ಒಸಿ ದಪ್ಪ ಅಕ್ಸರ ಮಾಡವ್ವ,” ಅಂದರು. “ಅಣ್ಣಂಗೆ ಕಣ್ಣು ಮಂಜು.”

ಕಂಪ್ಯೂಟರ್ ಮಾತ್ರ ಒಂದಿಷ್ಟೂ ಚುರುಕಾಗಲಿಲ್ಲ.

ಹೋದ ವಾರ ಒಬ್ಬಾಕೆ ಸಿಡಿಮಿಡಿಗುಟ್ಟುತ್ತಾ ಬಂದು, ಗೃಹಪ್ರವೇಶದ ಪತ್ರಿಕೆಯಿಂದ ನಾದಿನಿಯ ಹೆಸರು ತೆಗೆಯಿರಿ ಅಂದರು. ಪತ್ರಿಕೆ ಆಗಲೇ ನನ್ನ ಕಣ್ಣೆದುರು ತೆರೆದುಕೊಂಡಿತ್ತು. ತೆರೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡೆ.

“ತುಂಬ ನಿಧಾನ ಕಣ್ರೀ ಇದು,” ಅಂದೆ. “ಕೂತ್ಕೊಳ್ಳಿ, ಟೀ ತರಿಸ್ತೀನಿ.”