ಗೋಡೆಯಾಚೆಯ ಬಿಸಿನೀರು

ನಮ್ಮ ಕಾರ್ಖಾನೆಯ ಹಿಂಗೋಡೆಯಿಂದ ಒಂದು ಕೊಳವೆ ಹೊರಕ್ಕೆ ಚಾಚಿಕೊಂಡಿತ್ತು. ಚೆನ್ನೈನಲ್ಲಿ ರಾಯಪುರಂ ದಾಟಿ ಉತ್ತರಕ್ಕೆ ಹೋದರೆ ಸಿಗುತ್ತಿದ್ದ ಸಣ್ಣ ರಾಸಾಯನಿಕ ಕಾರ್ಖಾನೆ ಅದು. ನಾನು ಅಲ್ಲಿ ಇಂಜಿನಿಯರು. ದೊಡ್ಡ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ ದ್ರಾವಣ, ಅದರೊಳಗೆ ಸುರುಳಿ ಸುತ್ತಿದ ಪೈಪು, ಪೈಪಿನೊಳಗೆ ಕಾಯಿಸಲು ಹಬೆ. ಹಬೆ ತಣಿದು ನೀರಾಗಿ ಆ ಕೊಳವೆಯಿಂದ ಹೊರಗೆ ಬೀಳುತ್ತಿತ್ತು.

ಚೆನ್ನೈನ ಕೆರೆಗಳು ಬತ್ತಿ ಇಡೀ ಊರು ಟ್ಯಾಂಕರ್ ಲಾರಿಯ ದಾರಿ ಕಾಯುತ್ತಿದ್ದ ವರ್ಷ ಅದು. ಹಿಂದಿನ ಗಲ್ಲಿಯ ಹೆಂಗಸರು ಬೆಳಿಗ್ಗೆಯೇ ಕೊಳವೆಯ ಕೆಳಗೆ ಕೊಡ ಸಾಲಾಗಿ ಇಡುತ್ತಿದ್ದರು. ಕಾದ ನೀರು, ಸೌದೆಯ ಖರ್ಚಿಲ್ಲ. ಅವರಲ್ಲಿ ಒಬ್ಬ ಅಜ್ಜಿ ಬಾಣಂತಿ ಮಗಳಿಗೂ ಎಳೆ ಮೊಮ್ಮಗುವಿಗೂ ಅದೇ ನೀರಿನಲ್ಲಿ ಎರೆಯುತ್ತಿದ್ದಳು.

ನನಗೆ ಭಯ ಶುರುವಾದದ್ದು ಆ ಮಗುವನ್ನು ನೋಡಿದ ಮೇಲೆ. ಸುರುಳಿ ಹಳೆಯದು. ಅದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು, ರಾತ್ರಿ ಹಬೆ ನಿಲ್ಲಿಸಿದಾಗ ಪೈಪು ತಣ್ಣಗಾಗಿ, ಚರ್ಮ ಸುಡುವ ಆ ಕಾಸ್ಟಿಕ್ ಅನ್ನು ತೊಟ್ಟಿಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಹೊರಬರುವುದೇ ಆ ನೀರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ, ಅಷ್ಟೇ. ಎಳೆಗೂಸಿನ ಮೈ ಏನಾದೀತು?

ನನ್ನ ಮನೆಯಿದ್ದ ತಾಂಬರಂನಿಂದ ಇನ್ನೂ ಮೊದಲಿನ ಟ್ರೇನು ಹಿಡಿಯತೊಡಗಿದೆ. ಹೆಂಗಸರು ಕೊಡ ಒಡ್ಡುವ ಮೊದಲೇ ಕೆಂಪು ಲಿಟ್ಮಸ್ ಕಾಗದವನ್ನು ನೀರಿಗೆ ಹಿಡಿಯುವುದು, ಅದು ನೀಲಿಗೆ ತಿರುಗಲಿಲ್ಲವೆಂದರೆ ಉಸಿರು ಬಿಡುವುದು. ಟ್ರೇನು ನಡುವೆ ನಿಂತರೆ ನನ್ನ ಎದೆಯೂ ನಿಂತಂತೆ. ಮನೆಯಲ್ಲಿ ಹೆಂಡತಿಗೆ ಸಾಕಾಗಿತ್ತು.

"ಅಲ್ಲಾ ರೀ, ಹಗ್ಗ ಕಂಡ್ರೂ ಹಾವು ಅಂತೀರಲ್ಲ. ಅಷ್ಟು ಭಯ ಇದ್ರೆ ಅವ್ರಿಗೇ ಹೇಳ್ಬಿಡಿ," ಎಂದಳು.

ಹೇಳಿದೆ. ಅಜ್ಜಿ ನಕ್ಕುಬಿಟ್ಟಳು. ಮಗಳನ್ನೂ ಇದೇ ನೀರಲ್ಲಿ ಎರೆದು ಬೆಳೆಸಿದೆ, ಏನಾಗಿದೆ ಎಂದು ಕೇಳಿದಳು. ಮ್ಯಾನೇಜರಿಗೂ ಹೇಳಿದೆ. ಅವರು ನಗಲಿಲ್ಲ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, "ನೋಡೋಣ" ಎಂದರು. ತೂತು ಬೀಳದ ಸುರುಳಿಗೆ ಯಾರು ದುಡ್ಡು ಹಾಕುತ್ತಾರೆ? ನೀರು ನಿಲ್ಲಿಸಿ ಗೇಟಿನ ಮುಂದೆ ಗಲಾಟೆ ಯಾರಿಗೆ ಬೇಕು?

ಆಗ ದಾರಿ ಬದಲಿಸಿದೆ. ಮಗುವಿನ ಮಾತು ಎತ್ತಲೇ ಇಲ್ಲ. ಹೊರಗೆ ಚೆಲ್ಲುವ ಬಿಸಿನೀರನ್ನು ಬಾಯ್ಲರ್‌ಗೇ ವಾಪಸು ಕೊಟ್ಟರೆ ಟ್ಯಾಂಕರ್ ನೀರೂ ಉಳಿಯುತ್ತದೆ, ಬಾಯ್ಲರ್ ಉರಿಸುವ ಎಣ್ಣೆಯೂ ಉಳಿಯುತ್ತದೆ, ಕಾಸ್ಟಿಕ್ ಬೆರೆತರೆ ಕೂಗುವ ಒಂದು ಮೀಟರ್ ಹಾಕಿದರೆ ಬಾಯ್ಲರ್ ಕೂಡ ಕ್ಷೇಮ ಎಂದೆ. ಮ್ಯಾನೇಜರ್ ಕಣ್ಣರಳಿಸಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಉಳಿಯುವ ಟ್ಯಾಂಕರ್ ನೀರಿನಲ್ಲಿ ಸ್ವಲ್ಪವನ್ನು ಗಲ್ಲಿಯವರಿಗೆ ಕೊಡಬೇಕೆಂದು ಕೇಳಿದ್ದಕ್ಕೂ ಅದೇ ಹುರುಪಿನಲ್ಲಿ ಒಪ್ಪಿದರು.

ಕೊಳವೆಗೆ ಮುಚ್ಚಳ ಬಿತ್ತು. ಆ ದಿನ ನಾನು ನೆಮ್ಮದಿಯಾಗಿ ಉಂಡೆ. ಸುಡುಬೇಸಿಗೆಯಲ್ಲಿ ಕಾರ್ಖಾನೆಯವರು ನನಗೊಂದು ಶಾಲು ಹೊದಿಸಿ, ನೀರು ಉಳಿಸಿದ ಜಾಣ ಎಂದು ಹೊಗಳಿದರು. ಹಿಂದಿನ ಗಲ್ಲಿಯಲ್ಲಿ ಮಾತ್ರ ನನಗೆ ಶಾಪ. ಗೇಟಿನ ಬಳಿ ಇಟ್ಟ ಡ್ರಮ್ಮಿನಿಂದ ಕೊಡ ತುಂಬಿಕೊಳ್ಳುತ್ತಾ ಅಜ್ಜಿ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕೆಲವು ತಿಂಗಳ ನಂತರ ತೊಟ್ಟಿ ಖಾಲಿ ಮಾಡಿ ಸುರುಳಿಯನ್ನು ಹೊರತೆಗೆದರು. ಓಡಿಹೋಗಿ ನೋಡಿದೆ. ಒಂದು ಬಾಗಿನಲ್ಲಿ ಪೈಪು ಹಪ್ಪಳದಷ್ಟು ತೆಳುವಾಗಿತ್ತು, ಆದರೆ ತೂತು ಇರಲಿಲ್ಲ. ಒಂದು ಕ್ಷಣ ನನಗೆ ನಿರಾಸೆಯಾಯಿತು. ತೂತಿದ್ದರೆ ಅಜ್ಜಿಯನ್ನು ಕರೆದು ತೋರಿಸಬಹುದಿತ್ತು.

ಆದರೂ ಸಂಜೆ ಗೇಟಿನ ಬಳಿ ಅಜ್ಜಿಗೆ ಹೇಳಿದೆ, ಪೈಪು ಸವೆದುಹೋಗಿತ್ತು ಪಾಟಿ, ಇನ್ನು ಸ್ವಲ್ಪ ದಿನದಲ್ಲಿ ತೂತು ಬೀಳುತ್ತಿತ್ತು ಎಂದು.

"ವಿಳಲಿಯೇ ಸಾರ್," ಎಂದಳು. ಬೀಳಲಿಲ್ಲವಲ್ಲ. ಕೊಡ ಕೆಳಗಿಟ್ಟು ಮತ್ತೆ ಹೇಳಿದಳು: "ತಣ್ಣಿ ಕುಡುತ್ತೀಂಗ. ಸೂಡು ಎಡುತ್ತುಟ್ಟೀಂಗ."

ನೀರು ಕೊಟ್ಟಿರಿ, ಬಿಸಿ ಕಿತ್ತುಕೊಂಡಿರಿ. ಅವಳ ಸೊಂಟದ ಮೇಲೆ ಮೊಮ್ಮಗು ಬರೀ ಮೈಯಲ್ಲಿ ಕೂತಿತ್ತು. ನಾನು ಅದರ ಬೆನ್ನನ್ನೇ ನೋಡುತ್ತಾ ನಿಂತೆ. ಒಂದು ಗುಳ್ಳೆಯೂ ಇರಲಿಲ್ಲ.